ಹಂಡೆ ಒಲೆಗೆ ಹೋಗದ ಬೀಟೆ ಚೂರು

ಮಂಡಕಳ್ಳಿಯ ಕಡೆ ಹೊಸದಾಗಿ ಎದ್ದಿರುವ ಬಡಾವಣೆಯೊಂದರಲ್ಲಿ ಮೊನ್ನೆ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಾನೂ ಎಲ್ಲರ ಹಾಗೆ ಮನೆ ನೋಡಲು ಹೊರಟೆ. ಗೃಹಪ್ರವೇಶಕ್ಕೆ ಹೋದವರು ಅಡುಗೆಮನೆಯ ಕಲ್ಲು ಸವರಿ, ಬಚ್ಚಲಿನ ನಲ್ಲಿ ತಿರುಗಿಸಿ, ‘ಚೆನ್ನಾಗಿ ಕಟ್ಟಿಸಿದೀರ’ ಅನ್ನದೆ ಬರುವಂತಿಲ್ಲವಲ್ಲ. ನಡುಮನೆಯ ಗೋಡೆಯಲ್ಲಿ ಒಂದು ಮರದ ಚಿತ್ರ ತೂಗುಹಾಕಿದ್ದರು. ಅಂಬಾರಿ ಹೊತ್ತ ಆನೆ, ಹಿಂದೆ ಅರಮನೆ, ಮೇಲೆ ಚಂದ್ರ. ಮನೆಯ ಯಜಮಾನರು ಹೆಮ್ಮೆಯಿಂದ, “ಅಪ್ಪಟ ಬೀಟೆ ಕಣ್ರೀ, ಪೂರ್ತಿ ಕೈಕೆಲಸ” ಅಂದರು. ನಾನು ಹತ್ತಿರ ಹೋಗಿ, ಮೂಗು ತಾಗಿಸಿ, ಆ ಚಿತ್ರವನ್ನು ಮೂಸಿದೆ.

ನೀವೇ ಹೇಳಿ, ಅರವತ್ತು ದಾಟಿದ ನಿವೃತ್ತ ಗುಮಾಸ್ತನೊಬ್ಬ ಜರಿಪಂಚೆ ಉಟ್ಟುಕೊಂಡು ಆನೆಯ ಬಾಲದ ಹತ್ತಿರ ಮೂಗಿಟ್ಟು ನಿಂತಿದ್ದರೆ ನೋಡಿದವರು ಏನಂದುಕೊಳ್ಳಬೇಕು? ನನ್ನಾಕೆ ಪಕ್ಕೆ ಚಿವುಟಿ, “ಮಾನ ಕಳೀಬೇಡಿ, ಬನ್ನಿ ಈಚೆಗೆ” ಅಂದಳು. ಬಂದೆ. ಆದರೆ ಮೂಗಿಗೆ ತಿಳಿಯಬೇಕಾದದ್ದು ತಿಳಿದಾಗಿತ್ತು. ವಾರ್ನಿಷಿನ ವಾಸನೆ, ಅದರಡಿ ಮರದ ಹೊಟ್ಟನ್ನು ಅಂಟಿಸಿ ಒತ್ತಿದ ಹಲಗೆಯ ವಾಸನೆ. ಯಂತ್ರ ಕೊಯ್ದ ಆನೆ ಅದು, ಅಂಚೆಲ್ಲ ಸುಟ್ಟು ಕಪ್ಪಾಗಿತ್ತು. ಬೀಟೆ ಹಾಗೆ ನಾರುವ ಮರವಲ್ಲ. ಕೊಯ್ದ ಬೀಟೆಯಲ್ಲಿ ಒಣಗಿದ ಗುಲಾಬಿಯ ಹಾಗೆ ಒಂದು ಸಣ್ಣ ಸಿಹಿ ಇರುತ್ತದೆ. ಹೇಳಿಬಿಡಲೇ ಅನ್ನಿಸಿತು. ಉಂಡ ಮನೆಯ ಜಂತೆ ಎಣಿಸಬಾರದು ಅಂತ ಸುಮ್ಮನಾದೆ.

ಮರ ಮೂಸುವ ಈ ಚಾಳಿ ನನಗೆ ಹತ್ತಿದ್ದು ನಮ್ಮ ಅತ್ತಿಗೆಯಿಂದ. ಅಣ್ಣನ ಹೆಂಡತಿ, ಹೆಸರು ಗೌರಮ್ಮ. ಆಗ ನಾವೆಲ್ಲ ರಾಜೀವನಗರದ ಒಂದು ಶೀಟಿನ ಮನೆಯಲ್ಲಿದ್ದೆವು. ಅವ್ವ, ಅಣ್ಣ, ಅತ್ತಿಗೆ, ಮತ್ತು ತಾಲ್ಲೂಕು ಕಚೇರಿಯಲ್ಲಿ ಹೊಸದಾಗಿ ಗುಮಾಸ್ತನಾಗಿ ಸೇರಿ, ಸರ್ಕಾರವೇ ನನ್ನ ಹೆಗಲ ಮೇಲೆ ನಿಂತಿದೆ ಅಂದುಕೊಂಡಿದ್ದ ನಾನು. ಅಣ್ಣ ದಿನಾ ಸೈಕಲ್ಲಿನಲ್ಲಿ ಲಷ್ಕರ್ ಮೊಹಲ್ಲಾದ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಕಾರ್ಖಾನೆ ಅಂದರೆ ಹೊಗೆ ಕೊಳವೆಯನ್ನೆಲ್ಲ ಕಲ್ಪಿಸಿಕೊಳ್ಳಬೇಡಿ. ಒಂದು ಹಳೆಯ ಹೆಂಚಿನ ಮನೆ, ಅದರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಕೂತು ಎಳೆಯಷ್ಟು ಸಣ್ಣ ಬ್ಲೇಡಿನ ಗರಗಸದಲ್ಲಿ ಮರ ಕೊಯ್ಯುತ್ತಿದ್ದರು. ಬೀಟೆ ಹಲಗೆಯಲ್ಲಿ ಆಕಾರ ತೋಡಿ, ಬೇರೆ ಬೇರೆ ಮರದ ಚೂರನ್ನು ಅದರೊಳಗೆ ಕೂರಿಸುವ ಕುಸುರಿ ಕೆಲಸ. ಅದರಲ್ಲಿ ಬಣ್ಣ ಬಳಿಯುವ ಮಾತೇ ಇಲ್ಲ. ಹಳದಿ ಬೇಕೆ, ಹಲಸು. ಕೆಂಗಂದು ಬೇಕೆ, ಹೊನ್ನೆ. ಬಿಳಿಗೆ ಹಾಲೆಮರ, ಕಪ್ಪಿಗೆ ಬೀಟೆ. ಮರಕ್ಕೆ ಹುಟ್ಟಿನಿಂದ ಬಂದದ್ದು ಏನಿದೆಯೋ ಅಷ್ಟೇ.

ಆ ಕಸುಬಿನಲ್ಲಿ ಒಂದು ಕಟ್ಟಳೆ. ಗಂಡಸರು ಕೊಯ್ಯಬೇಕು, ಹೆಂಗಸರು ಉಜ್ಜಬೇಕು. ಕೊಯ್ದು ಅಂಟಿಸಿದ ಹಲಗೆಗಳು ಮನೆಮನೆಗೆ ಬರುತ್ತಿದ್ದವು. ಹೆಂಗಸರು ಅಡುಗೆ ಮುಗಿಸಿ, ಪಾಲಿಶ್ ಪೇಪರ್ ಹಿಡಿದು, ಕೈಬೆರಳಿನ ಗೆರೆ ಸವೆಯುವ ತನಕ ಉಜ್ಜುತ್ತಿದ್ದರು. ಅತ್ತಿಗೆಯೂ ಉಜ್ಜುತ್ತಿದ್ದರು. ಬೀದಿಯಲ್ಲಿ ಅವರನ್ನು ಪಾಲಿಶ್ ಗೌರಮ್ಮ ಅಂತಲೇ ಕರೆಯುತ್ತಿದ್ದರು. ಗಂಡಸರ ಹೆಸರು ಹಲಗೆಯ ಹಿಂದೆ ಸೀಸದಕಡ್ಡಿಯಲ್ಲಿ ಇರುತ್ತಿತ್ತು. ಉಜ್ಜಿದವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ಯಾಕೆ ಅಂತ ಯಾರೂ ಕೇಳುತ್ತಲೂ ಇರಲಿಲ್ಲ, ನಾನಂತೂ ಕೇಳಲಿಲ್ಲ.

ಕಾರ್ಖಾನೆಯಲ್ಲಿ ಉಳಿದ ಚೂರುಪಾರನ್ನು ಅಣ್ಣ ವಾರಕ್ಕೊಂದು ಗೋಣಿಚೀಲ ತುಂಬಿಸಿಕೊಂಡು ಬರುತ್ತಿದ್ದ. ನಮ್ಮ ಬಚ್ಚಲ ಹಂಡೆಗೆ ಅದೇ ಸೌದೆ. ಬೀಟೆ ಉರಿಸಿ ಸ್ನಾನ ಮಾಡುತ್ತಿದ್ದೆವು ಅಂದರೆ ಅರಸು ಮನೆತನ ಅಂದುಕೊಂಡೀರಿ! ಒಂದು ಸಲ ಮೂರು ದಿನ ಹಂಡೆ ಕಾಯಲೇ ಇಲ್ಲ. ಅವ್ವ ಬಚ್ಚಲಿನಿಂದಲೇ ಕೂಗಿದಳು, “ಗೌರಾ, ನೀರು ತಣ್ಣಗದೆ. ಸೌದೆ ಎಲ್ಲಮ್ಮ ಹೋಯ್ತು?” ಅತ್ತಿಗೆ ಗೋಣಿಚೀಲವನ್ನು ಹಜಾರದಲ್ಲಿ ಸುರಿದುಕೊಂಡು ಚೂರುಗಳನ್ನು ಬಣ್ಣದ ಪ್ರಕಾರ ಗುಡ್ಡೆ ಮಾಡುತ್ತಿದ್ದರು. ಒಂದೊಂದನ್ನೂ ಮೂಸಿ, ಬೆರಳಿನಿಂದ ಸವರಿ ಇಡುತ್ತಿದ್ದರು. “ಇದನ್ನ ಉರಿಗೆ ಹಾಕಕ್ಕೆ ಕೈ ಬರಲ್ಲ ಅತ್ತೆ. ನೀವೇ ನೋಡಿ, ಎಂಥಾ ಬಣ್ಣ ಅದೆ” ಅಂದರು. ಅವ್ವ ನೋಡಲಿಲ್ಲ. ಆಮೇಲೆ ಸುಮಾರು ಒಂದು ತಿಂಗಳು ಇಡೀ ಮನೆ ತಣ್ಣೀರು ಸ್ನಾನ ಮಾಡಿತು. ನಾನು ಕಚೇರಿಯಲ್ಲಿ ಸೀನುತ್ತ ಕೂರುತ್ತಿದ್ದೆ.

ಆ ಚೂರುಗಳಲ್ಲಿ ತಾವೇ ಚಿತ್ರ ಕೊಯ್ಯಬೇಕು ಅಂತ ಅತ್ತಿಗೆಯ ಆಸೆ. ಹೆಂಗಸು ಗರಗಸ ಹಿಡಿದರೆ ಮನೆಗೆ ಆಗಿಬರಲ್ಲ ಅಂತ ಅವ್ವನ ವಾದ. ಅದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ. ಈಳಿಗೆಮಣೆ ಹಿಡಿದರೆ ಆಗಿಬರುತ್ತದೆ, ಗರಗಸ ಹಿಡಿದರೆ ಬರುವುದಿಲ್ಲವಂತೆ. ಅತ್ತಿಗೆ ಎದುರು ಮಾತಾಡಲಿಲ್ಲ, ಮಾತು ಕೇಳಲೂ ಇಲ್ಲ. ಅಣ್ಣ ಎಸೆದಿದ್ದ ಮುರಿದ ಬ್ಲೇಡುಗಳನ್ನು ಆರಿಸಿಕೊಂಡು, ಛತ್ರಿಯ ಕಡ್ಡಿಯೊಂದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅದಕ್ಕೆ ಬಿಗಿದರು. ಛತ್ರಿ ನನ್ನದು. ಮಳೆ ಬಂದ ದಿನವೇ ನನಗದು ಗೊತ್ತಾದದ್ದು. ಅಣ್ಣ ಒಂದು ಭಾನುವಾರ ಬಾಗಿಲಲ್ಲಿ ನಿಂತು ಅತ್ತಿಗೆ ಕೊಯ್ಯುವುದನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆ ಅಂತ ನಾನು ಪೇಪರ್ ಮಡಚಿಟ್ಟು ಕಾದೆ. ಅವನು, “ಮೂಲೇಲಿ ಗರಗಸ ತಿರುಗಿಸ್ಬೇಡ ಕಣೆ. ಮರ ತಿರುಗಿಸು, ಗರಗಸ ಇದ್ದಲ್ಲೇ ಇರಲಿ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಹೊರಗೆಲ್ಲೂ ಹೇಳ್ಬೇಡ” ಅಂತ ಸೇರಿಸಿದ.

ಅಂಟಿನದು ಇನ್ನೊಂದು ರಾಮಾಯಣ. ಕಾರ್ಖಾನೆಯಲ್ಲಿ ಸರೇಸು ಅಂತ ಬಳಸುತ್ತಿದ್ದರು. ಮೂಳೆ, ಚರ್ಮ ಬೇಯಿಸಿ ಮಾಡುವ ಗೋಂದು ಅದು. ಅತ್ತಿಗೆ ಅದರದೊಂದು ತುಂಡು ತಂದು ಒಲೆಯ ಮೇಲೆ ಕಾಯಿಸಲು ಇಟ್ಟದ್ದೇ ತಡ, ಅವ್ವ ಕೊರಳಿನ ಲಿಂಗ ಮುಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತಳು. “ಲಿಂಗ ಕಟ್ಟಿರೋ ಮನೇಲಿ ಮೂಳೆ ಬೇಯಿಸ್ತೀಯಾ?” ಮಗ ಅದೇ ಅಂಟನ್ನು ದಿನವಿಡೀ ಕೈಗೆ ಮೆತ್ತಿಕೊಂಡು ಬಂದು ಅದೇ ಕೈಯಲ್ಲಿ ವಿಭೂತಿ ಧರಿಸುತ್ತಿದ್ದ, ಅದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಅತ್ತಿಗೆ ಪಾತ್ರೆ ಇಳಿಸಿದರು. ಮಾರನೆಯ ದಿನ ಹುಣಸೆಬೀಜ ಹುರಿದು, ಬೀಸಿ, ಅಂಬಲಿಯ ಹಾಗೆ ಕಾಯಿಸಿ ತಮ್ಮದೇ ಅಂಟು ಮಾಡಿಕೊಂಡರು. ಮೊದಲ ಚಿತ್ರ ಅದರಲ್ಲೇ ಅಂಟಿಸಿದ್ದು. ಅದು ಶ್ರಾವಣದ ಥಂಡಿಗೆ ಒಂದೊಂದಾಗಿ ಉದುರತೊಡಗಿತು. ಊಟಕ್ಕೆ ಕೂತಾಗ ಚಿತ್ರದಲ್ಲಿದ್ದ ಹಲಸಿನ ಮರದ ಪುಟ್ಟ ಕೊಡವೊಂದು ಅಣ್ಣನ ಸಾರಿಗೆ ಬಿತ್ತು, ಮಿಕ್ಕದ್ದನ್ನು ಜಿರಳೆ ತಿಂದವು. ಅವ್ವ ಅಂದು ಬಹಳ ಸಂತೋಷವಾಗಿದ್ದಳು. ಅತ್ತಿಗೆ ಉದುರಿದ ಚೂರುಗಳನ್ನು ಸೆರಗಿನಲ್ಲಿ ಆಯ್ದುಕೊಂಡು, ತೊಳೆದು ಒಣಗಿಸಿ, ಅಂಗಡಿಯಿಂದ ಬಿಳಿ ಗೋಂದು ತರಿಸಿ ಮತ್ತೆ ಮೊದಲಿನಿಂದ ಅಂಟಿಸಿದರು.

ಆ ಚಿತ್ರದಲ್ಲಿ ಆನೆ ಇರಲಿಲ್ಲ ಅನ್ನುವುದನ್ನು ಹೇಳಬೇಕು. ಕಾರ್ಖಾನೆಯಿಂದ ಬರುತ್ತಿದ್ದದ್ದೆಲ್ಲ ಆನೆ, ಜಿಂಕೆ, ತೆಂಗಿನಮರ, ಚಂದ್ರ. ಅತ್ತಿಗೆ ಮಾಡಿದ್ದು ನಮ್ಮ ಬೀದಿಯನ್ನು. ನಲ್ಲಿಯ ಮುಂದೆ ಕೊಡ ಹಿಡಿದು ಸಾಲು ನಿಂತ ಹೆಂಗಸರು. ಮಹಡಿಯ ತಂತಿಯ ಮೇಲೆ ಒಣಹಾಕಿದ ಸೀರೆ. ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದ ದರ್ಜಿ. ಎಲ್ಲರೂ ಬೆನ್ನು ತಿರುಗಿಸಿ ನಿಂತವರೇ, ಒಬ್ಬರಿಗೂ ಮುಖ ಇಲ್ಲ. “ಮುಖ ಯಾಕಿಲ್ಲ ಅತ್ತಿಗೆ?” ಅಂತ ನಾನೊಮ್ಮೆ ಕೇಳಿದೆ. “ಒಳಗೆ ಕೂತ್ಕೊಂಡು ಬಾಗಿಲಿಂದ ನೋಡೋಳಿಗೆ ಬೆನ್ನು ಬುಟ್ರೆ ಇನ್ನೇನಪ್ಪ ಕಾಣುತ್ತೆ?” ಅಂದರು. ನನ್ನ ಗೆಳೆಯನೊಬ್ಬ ಮನೆಗೆ ಬಂದವನು ಅದನ್ನು ನೋಡಿ, “ಭೇಷ್, ಕಸದಿಂದ ರಸ” ಅಂದ. ಈಗಲೂ ಯಾರಾದರೂ ಆ ಮಾತು ಆಡಿದರೆ ನನಗೆ ಮೈ ಉರಿಯುತ್ತದೆ. ಯಾವುದು ಕಸ? ನೂರು ವರ್ಷ ನಿಂತಿದ್ದ ಮರ, ಆನೆಯ ಹೊಟ್ಟೆಯ ಅಳತೆಗೆ ಸಾಲಲಿಲ್ಲ ಅಂದ ಮಾತ್ರಕ್ಕೆ ಕಸವೇ? ಅಂದೇ ಅವನಿಗೆ ಹೀಗೆ ಕೇಳಿದೆ ಅಂತ ಬರೆದರೆ ನನಗೂ ಒಂದು ಮರ್ಯಾದೆ ಬಂದೀತು. ಕೇಳಲಿಲ್ಲ, ಅಂದು ನಾನೂ ಅವನ ಜೊತೆ ಸೇರಿ ನಕ್ಕೆ.

ಎರಡು ವರ್ಷ ಕಳೆಯುವುದರಲ್ಲಿ ಗೋಡೆಯಲ್ಲಿ ಜಾಗವಿರಲಿಲ್ಲ. ಆಗ ಒಂದು ದಿನ ಅತ್ತಿಗೆ ನನಗೆ ಕಾಫಿ ತಂದುಕೊಟ್ಟು ಎದುರಿಗೇ ಕೂತರು. ಹಾಗೆ ಕೂತದ್ದು ಅದೇ ಮೊದಲು. “ನಂಗೊಂದು ಅರ್ಜಿ ಬರ್ಕೊಡಪ್ಪ” ಅಂದರು. ಕುಶಲಕರ್ಮಿಗಳಿಗೆ ಗುರುತಿನ ಚೀಟಿ ಕೊಡುತ್ತಾರೆ, ಅದಿದ್ದರೆ ಪ್ರದರ್ಶನದಲ್ಲಿ ಮಳಿಗೆ ಸಿಗುತ್ತದೆ ಅಂತ ಯಾರೋ ಹೇಳಿದ್ದರಂತೆ. “ಮಳಿಗೇಲಿ ನನ್ನ ಹೆಸರಿನ ಬೋರ್ಡ್ ಹಾಕಿ ಇದನ್ನೆಲ್ಲ ಇಡ್ಬೇಕು. ಮಾರ್ದಿದ್ರೂ ಚಿಂತೆ ಇಲ್ಲ. ಇದು ಗೌರಮ್ಮ ಮಾಡಿದ್ದು ಅಂತ ನಾಕು ಜನ ಓದ್ಬೇಕು, ಅಷ್ಟೆ.” ಅವರಿಗೆ ಕೂಡಿಸಿಕೊಂಡು ಓದಲು ಬರುತ್ತಿತ್ತು, ಸಹಿ ಹಾಕಲು ಬರುತ್ತಿತ್ತು. ಸರ್ಕಾರದ ಅರ್ಜಿ ತುಂಬುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಮುತ್ತು ಪೋಣಿಸಿದ ಹಾಗೆ ಬರೆಯುತ್ತೇನೆ ಅಂತ ತಹಶೀಲ್ದಾರರೇ ಹೊಗಳಿದ್ದರು. ಬರೆದುಕೊಟ್ಟೆ. ವೃತ್ತಿ ಅನ್ನುವ ಜಾಗದಲ್ಲಿ ‘ಪಾಲಿಶ್ ಸಹಾಯಕಿ’ ಅಂತ ಬರೆದೆ.

ಎಲ್ಲರೂ ಪಾಲಿಶ್ ಗೌರಮ್ಮ ಅನ್ನುತ್ತಿದ್ದರಲ್ಲ, ಅದನ್ನೇ ಕೇಳಿ ಕೇಳಿ ಕೈಗೆ ಅದೇ ಬಂತು, ಕೈತಪ್ಪಿನಿಂದ ಆದದ್ದು ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸದ್ಯಕ್ಕೆ ನೀವೂ ಹಾಗೆಂದೇ ನಂಬಿರಿ.

ಚೀಟಿ ಬಂತು. ಅದರಲ್ಲಿ ಅಚ್ಚಾಗಿದ್ದದ್ದು ಸಹಾಯಕಿ. ಸಹಾಯಕರಿಗೆ ಮಳಿಗೆ ಇಲ್ಲ, ಅದು ಕುಶಲಕರ್ಮಿಗಳಿಗೆ ಮಾತ್ರ ಅಂತ ಜೊತೆಯ ಕಾಗದದಲ್ಲಿತ್ತು. ಅಣ್ಣ, “ಬುಡು, ನನ್ನ ಚೀಟೀಲಿ ಮಳಿಗೆ ತಗೊಂಡು ಇಡಣ. ಮನೇವೇ ತಾನೆ?” ಅಂದ. ಅತ್ತಿಗೆ, “ನೀವು ಮಾಡಿದ್ದು ನಿಮ್ಮ ಹೆಸ್ರಲ್ಲಿ ಇಡಿ. ನಾನು ಬೇಡ ಅಂದೆನಾ?” ಅಂದರು. ಮಾರನೆಯ ಬೆಳಗ್ಗೆ ನಲ್ಲಿಯ ಚಿತ್ರವನ್ನು ಹಾಸಿಗೆಯ ದುಪ್ಪಟಿಯಲ್ಲಿ ಸುತ್ತಿ, ಛತ್ರಿ ಕಡ್ಡಿಯ ಗರಗಸವನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದರು. ನಾನು ಅರ್ಧ ದಿನ ರಜೆ ಹಾಕಿ ಹಿಂದೆ ಓಡಿದೆ.

ಚೀಟಿ ಕೊಟ್ಟ ಕಚೇರಿಯ ಸಾಹೇಬರು ಕೆಟ್ಟವರಲ್ಲ. ಚಿತ್ರ ನೋಡಿ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. “ಚೆನ್ನಾಗದೆ. ಆದ್ರೆ ನಾವು ಅರ್ಜೀಲಿ ಇದ್ದಂಗೇ ಕೊಟ್ಟಿದೀವಿ ಕಣಮ್ಮ” ಅಂತ ಕಡತ ತೆಗೆಸಿ ಅರ್ಜಿಯನ್ನೇ ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪಾಪ, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಾರೆ ಅಂದುಕೊಂಡೆ. ಓದಿ ಮುಗಿಸಿ ನನ್ನ ಕಡೆ ತಿರುಗಲಿಲ್ಲ. ಸಾಹೇಬರನ್ನೇ ಕೇಳಿದರು, “ಸಹಾಯಕಿ ಅಂದ್ರೆ ನಾನು ಯಾರಿಗೆ ಸಹಾಯ ಮಾಡ್ದೆ ಸ್ವಾಮಿ? ಇದನ್ನ ಮಾಡಿದ್ದು ಬೇರೆ ಯಾರು?”

“ನೀವೇ ಕೊಯ್ದಿದ್ದು ಅನ್ನಕ್ಕೆ ಏನಮ್ಮ ಗುರುತು?” ಅಂದರು ಸಾಹೇಬರು. ಅವರೂ ಕೇಳಬೇಕಾದ ಪ್ರಶ್ನೆಯೇ. ಅತ್ತಿಗೆ ಸುತ್ತ ನೋಡಿದರು. ಮೂಲೆಯಲ್ಲಿ ಕಾಲು ಮುರಿದ ಒಂದು ತೇಗದ ಕುರ್ಚಿ ಕವುಚಿ ಬಿದ್ದಿತ್ತು. ಅದರಿಂದ ಕಳಚಿಬಂದಿದ್ದ ಒಂದು ಪಟ್ಟಿಯನ್ನು ಎತ್ತಿಕೊಂಡು, ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತು, ಕೊಯ್ಯಲು ಶುರು ಮಾಡಿಯೇಬಿಟ್ಟರು. ನನ್ನ ಅವಸ್ಥೆ ಕೇಳಬೇಡಿ. ಸರ್ಕಾರಿ ನೌಕರನೊಬ್ಬನ ಕಣ್ಣೆದುರಿಗೇ ಅವನ ಸ್ವಂತ ಅತ್ತಿಗೆ ಸರ್ಕಾರಿ ಕುರ್ಚಿಯನ್ನು ಕೊಯ್ಯುತ್ತಿದ್ದಾರೆ. “ಸರ್ಕಾರದ ಸ್ವತ್ತು ಕಣಮ್ಮ ಅದು” ಅಂತ ಸಾಹೇಬರು ಎದ್ದೇ ನಿಂತರು. ಅತ್ತಿಗೆ ತಲೆ ಎತ್ತದೆ, “ಧೂಳು ನೋಡಿದ್ರೆ ಯಾರಿಗೂ ಬೇಕಾಗಿಲ್ಲ ಅನ್ಸುತ್ತೆ ಸ್ವಾಮಿ” ಅಂದರು. ಗುಮಾಸ್ತರು, ಜವಾನ, ಅರ್ಜಿ ಹಿಡಿದು ಬಂದವರು, ಎಲ್ಲ ಸುತ್ತ ನಿಂತರು. ಕಾಲು ಗಂಟೆಯಲ್ಲಿ ಕೊಡ ಹೊತ್ತ ಹೆಂಗಸಿನ ಬೆನ್ನು ಒಂದು ಮುಗಿಯಿತು. ಸೆರಗಿನ ಅಂಚು ಕೂಡ ಇತ್ತು. ಅತ್ತಿಗೆ ಅದನ್ನು ಊದಿ ಸಾಹೇಬರ ಮೇಜಿನ ಮೇಲಿಟ್ಟರು.

ಸಾಹೇಬರು ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. “ಒಪ್ಪಿದೆ ಕಣಮ್ಮ. ಆದ್ರೆ ಒಂದ್ಸಲ ಕೊಟ್ಟ ಚೀಟಿ ಹಂಗೆ ತಿದ್ದಕ್ಕೆ ಬರಲ್ಲ. ಬರೆದೋರು ತಪ್ಪಾಗಿ ಬರೆದೆ ಅಂತ ಒಪ್ಕೊಂಡು ಕಾಗದ ಕೊಟ್ರೆ ನೋಡಬಹುದು. ಇಲ್ಲಾಂದ್ರೆ ಬರೋ ವರ್ಷ ಹೊಸ ಅರ್ಜಿ. ಅಲ್ಲೀವರೆಗೂ ಇದನ್ನೇ ಇಟ್ಕೊಳ್ಳಿ, ಇದರಲ್ಲೂ ಸವಲತ್ತು ಇದಾವೆ” ಅಂದರು. ಬರೆದವನು ಮೂರಡಿ ದೂರದಲ್ಲೇ ನಿಂತಿದ್ದ. ಅವನು ಮುರಿದ ಕುರ್ಚಿಯ ಕಡೆ ನೋಡುತ್ತಿದ್ದ. ಅತ್ತಿಗೆ ಚೀಟಿಯನ್ನು ಮೇಜಿನ ಮೇಲಿಟ್ಟು, “ಇದು ನಂದಲ್ಲ ಸ್ವಾಮಿ. ಯಾರೋ ಸಹಾಯಕಿದು. ಅವ್ಳು ಬಂದ್ರೆ ಕೊಡಿ” ಅಂದು ಚಿತ್ರವನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹೊರಟುಬಿಟ್ಟರು. ಬಸ್ಸಿನಲ್ಲಿ ನನಗೆ ಸೀಟು ಹಿಡಿದಿದ್ದರು.

ಬರುವ ವರ್ಷವೂ ಬಂತು, ಅದರ ಮುಂದಿನದೂ ಬಂತು. ಅತ್ತಿಗೆ ಮತ್ತೆ ಅರ್ಜಿ ಕೇಳಲಿಲ್ಲ. ಉಜ್ಜುವ ಹಲಗೆಗಳನ್ನು ಮನೆಗೆ ಕಳಿಸಬೇಡಿ ಅಂತ ಕಾರ್ಖಾನೆಗೆ ಹೇಳಿಕಳಿಸಿದರು. ಅಣ್ಣ ಮುರಿಯದ ಬ್ಲೇಡುಗಳ ಒಂದು ಪೊಟ್ಟಣ ತಂದು ಅತ್ತಿಗೆ ಕೂರುವ ಮಣೆಯ ಪಕ್ಕ ಇಟ್ಟ. ಚಿತ್ರಗಳೆಲ್ಲ ಒಳಗಿನ ಗೋಡೆ ಬಿಟ್ಟು ಮನೆಯ ಮುಂಗೋಡೆಗೆ, ರಸ್ತೆಗೆ ಕಾಣುವ ಹಾಗೆ ಬಂದವು. ಪ್ರತಿಯೊಂದರ ಕೆಳಗೂ ಬೀಟೆಯೊಳಗೆ ಹಲಸಿನ ಅಕ್ಷರ ಕೂರಿಸಿ ‘ಗೌರಮ್ಮ’ ಅಂತ ಹೆಸರು. ಒಬ್ಬ ವ್ಯಾಪಾರಿ ಬಂದು ಎಲ್ಲವನ್ನೂ ಕೊಳ್ಳುತ್ತೇನೆ, ಹೆಸರೊಂದು ತೆಗೆದುಕೊಡಿ ಅಂದ. “ಹೆಸರು ತೆಗೆದ್ರೆ ಅಲ್ಲಿ ತೂತು ಬೀಳುತ್ತೆ, ಆಗಲ್ಲ” ಅಂದು ಅವನಿಗೆ ಕಾಫಿ ಕೊಟ್ಟು ಕಳಿಸಿದರು. ಅವ್ವ ಕಡೆಗಾಲದಲ್ಲಿ ಜಗಲಿಯ ಮೇಲೆ ಕೂತು, ನಿಂತು ನೋಡುವವರಿಗೆಲ್ಲ “ನಮ್ಮ ಸೊಸೆ ಮಾಡಿದ್ದು” ಅನ್ನುತ್ತಿದ್ದಳು. ತಣ್ಣೀರಿನ ವಿಷಯ ಎತ್ತುತ್ತಿರಲಿಲ್ಲ.

ನಾನು ಮದುವೆಯಾಗಿ, ಬೇರೆ ಮನೆ ಮಾಡಿ, ಬಡ್ತಿ ಪಡೆದು, ನಿವೃತ್ತನಾದೆ. ಎಷ್ಟು ಜನರ ಅರ್ಜಿ ಬರೆದೆನೋ ಲೆಕ್ಕವಿಲ್ಲ. ಗೃಹಪ್ರವೇಶದ ಆ ಆನೆಯನ್ನು ಮೂಸಿ ಬಂದ ಮೇಲೆ ಮಾತ್ರ ಮನೆಯಲ್ಲಿ ಊಟ ರುಚಿಸಲಿಲ್ಲ. ಮನುಷ್ಯರ ಕೈ ಸೋಕದ ಹಲಗೆಗೆ ಕೈಕೆಲಸ ಅಂತ ಎದೆಯುಬ್ಬಿಸಿ ಹೇಳಿದವರ ಮೇಲೆ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಮಾಡಲು ನನಗೇನು ಯೋಗ್ಯತೆ ಅಂತ ಒಳಗಿನಿಂದ ಯಾರೋ ಕೇಳುತ್ತಿದ್ದರು. ಎರಡು ದಿನ ತಡೆದೆ. ಇವತ್ತು ಬೆಳಗ್ಗೆ ರಾಜೀವನಗರಕ್ಕೆ ಹೋದೆ.

ಅಣ್ಣ ಕಣ್ಣು ಮಂಜಾಗಿ ಕೊಯ್ಯುವುದನ್ನು ಬಿಟ್ಟಿದ್ದಾನೆ, ಪೇಟೆಗೆ ಹೋಗಿದ್ದ. ಅತ್ತಿಗೆ ಬಾಗಿಲ ಬೆಳಕಿಗೆ ಕೂತು ಕೊಯ್ಯುತ್ತಿದ್ದರು. ಎಪ್ಪತ್ತರ ಹತ್ತಿರ ಬಂದ ಕೈ, ಗರಗಸ ಹಿಡಿದಾಗ ನಡುಗುವುದಿಲ್ಲ. ನಾನು ಎದುರಿಗೆ ಕೂತೆ. “ಅತ್ತಿಗೆ, ಆ ಅರ್ಜೀಲಿ ನಾನು ಸಹಾಯಕಿ ಅಂತ ಬರೆದಿದ್ದು ಕೈತಪ್ಪಲ್ಲ. ಬೇಕಂತ್ಲೇ ಬರೆದೆ. ಮನೇಲಿ ನನ್ನ ಬಿಟ್ಟು ಇನ್ನೊಬ್ಬರಿಗೆ ಸರ್ಕಾರದ ಚೀಟೀಲಿ ಹೆಸರು ಬರೋದು ಹೊಟ್ಟೆಗೆ ಸೇರ್ಲಿಲ್ಲ. ಅಣ್ಣಂದು ಗಂಡಸಿನ ಕೆಲಸ ಅಂತ ಒಪ್ಕೊಂಡಿದ್ದೆ. ನಿಮ್ದು ಒಪ್ಪಕ್ಕಾಗ್ಲಿಲ್ಲ” ಅಂದೆ.

ಅವರು ಗರಗಸ ನಿಲ್ಲಿಸಲಿಲ್ಲ. ಮರವನ್ನು ತಿರುಗಿಸಿ ಮೂಲೆ ದಾಟಿಸಿಕೊಂಡ ಮೇಲೆ, “ಗೊತ್ತು ಕಣಪ್ಪ” ಅಂದರು.

“ಹೆಂಗೆ ಗೊತ್ತು?”

“ಮೊದ್ಲು ನೀನು ಕುಶಲಕರ್ಮಿ ಅಂತ್ಲೇ ಬರೆದಿದ್ದೆ. ಆಮೇಲೆ ಅದರ ಮೇಲೆ ಬಿಳೀದು ಹಚ್ಚಿ ಅಳಿಸಿದ್ದೆ. ಆ ಕಚೇರೀಲಿ ಬೆಳಕಿಗೆ ಹಿಡಿದಾಗ ಒಳಗಿಂದ ಕಾಣ್ತಿತ್ತು.”

“ಅವತ್ತೇ ಸಾಹೇಬ್ರಿಗೆ ತೋರಿಸಿದ್ರೆ ಚೀಟಿ ಸಿಕ್ಕೋದಲ್ಲ ಅತ್ತಿಗೆ. ಯಾಕೆ ಹೇಳ್ಲಿಲ್ಲ?”

“ನೀನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಷ್ಟು ಜನರ ಮುಂದೆ ನಿನ್ನ ಮಾನ ಕಳೆದು ನಂಗೊಂದು ಚೀಟಿ ಬೇಕಾಗಿತ್ತಾ?” ಅಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಈಗ ಹೊಸ ಅರ್ಜಿ ಹಾಕಣ. ನಾನೇ ಬರೀತೀನಿ. ಇಲ್ಲಾ, ನಾನೇ ಹೋಗಿ ಒಪ್ಕೊತೀನಿ” ಅಂದೆ.

ಅತ್ತಿಗೆ ಕೊಯ್ದ ಚೂರನ್ನು ಊದಿ, ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಜೊತೆಗೆ ಒಂದು ಪಾಲಿಶ್ ಪೇಪರ್. “ನನ್ನ ಹೆಸರು ಕೊಯ್ಯಕ್ಕೆ ನಂಗೆ ಬರುತ್ತೆ. ಕಾಗದ ನೀನೇ ಇಟ್ಕೊ. ಬಂದಿದೀಯಲ್ಲ, ಇದನ್ನ ಉಜ್ಜು.”

ಕನ್ನಡಕ ಹಾಕಿಕೊಂಡು ಉಜ್ಜಲು ಕೂತೆ. ಎರಡು ಸಲ ಉಜ್ಜುವುದರೊಳಗೆ ಅವರು ನನ್ನ ಕೈ ಹಿಡಿದು ತಿರುಗಿಸಿದರು. “ಅಡ್ಡ ಉಜ್ಜಬೇಡ. ಮರದ ಎಳೆ ಯಾವ ಕಡೆ ಹೋಗಿದೆ ನೋಡು, ಆ ಕಡೆಗೇ ಕೈ ಹೋಗ್ಬೇಕು.” ಅವರು ತೋರಿಸಿದ ಕಡೆಗೇ ಸಂಜೆಯವರೆಗೂ ಉಜ್ಜಿದೆ. ನಾಳೆ ಬೆಳಗ್ಗೆ ಎಂಟಕ್ಕೆ ಬಾ ಅಂದಿದ್ದಾರೆ.